ಹರಿಯಲಿಲ್ಲ, ಅರಿಯಲಿಲ್ಲ

ಗೀತನಾಟಕದಲ್ಲಿ ಯಾರೂ ಮಾತನಾಡುವುದಿಲ್ಲ, ಎಲ್ಲವನ್ನೂ ಹಾಡುತ್ತಾರೆ. ಜಗಳವನ್ನೂ ಹಾಡುತ್ತಾರೆ, ಒಂದು ಲೋಟ ನೀರು ಕೇಳುವುದನ್ನೂ ಹಾಡುತ್ತಾರೆ. ಹಾಗೆ ಹಾಡಬೇಕಾದರೆ ಯಾರಾದರೂ ಮೊದಲು ಕೂತು ಬರೆದಿರಬೇಕಲ್ಲ? ಬರೆದವಳು ನಾನು. ಜನ ಮುತ್ತಿಕೊಳ್ಳುತ್ತಿದ್ದದ್ದು ಮಾತ್ರ ನನ್ನ ಗೆಳತಿಯನ್ನು.

ಅವಳು ಯಲಹಂಕದ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ನನಗೆ ಕೊಡಿಗೇಹಳ್ಳಿಯಲ್ಲಿ ಬ್ಯಾಂಕಿನ ಕೆಲಸ. ಹೈಸ್ಕೂಲಿನಿಂದ ಜೊತೆಗಿದ್ದೇವೆ, ಹೈಸ್ಕೂಲಿನಿಂದಲೂ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪ್ರಬಂಧ ಬರೆದು ನಾನು ಬಹುಮಾನ ತೆಗೆದುಕೊಂಡರೆ, ಅದೇ ಸಮಾರಂಭದಲ್ಲಿ ಪ್ರಾರ್ಥನೆ ಹಾಡಿ ಅವಳು ಚಪ್ಪಾಳೆ ಗಿಟ್ಟಿಸುತ್ತಿದ್ದಳು. ಪ್ರಬಂಧವನ್ನು ಯಾರು ಓದುತ್ತಾರೆ? ಹಾಡಿಗಾದರೆ ಕಿವಿ ಇದ್ದರೆ ಸಾಕು.

ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಲ್ಲೇ ನಿಂತಿದ್ದಾಗ ಅವಳೇ ಹೇಳಿದಳು: "ನೀನ್ ಬರಿಯೇ, ನಾನ್ ಟ್ಯೂನ್ ಹಾಕ್ತೀನಿ. ನಮ್ ಸ್ಕೂಲ್ ಟೀಚರ್ಸ್ ಕೈಲೇ ಆಡಿಸೋಣ." ನಾನು ಬರೆದೆ. ಬತ್ತಿದ ಕೆರೆ ತಾಯಿ, ಅವಳನ್ನು ಬಿಟ್ಟು ಬೇರೆ ಕಡೆ ತಿರುಗಿದ ಕಾಲುವೆ ಮಗಳು. ಇಡೀ ನಾಟಕ ನಿಂತದ್ದು ಕೆರೆ ಕೊನೆಯಲ್ಲಿ ಹೇಳುವ ಒಂದು ಸಾಲಿನ ಮೇಲೆ: "ಹರಿಯಲಿಲ್ಲ ನೀನು, ಮಗಳೇ, ಹರಿಯಲಿಲ್ಲ."

ಆ ಸಾಲು ಕೇಳಿ ಒಬ್ಬರಾದರೂ "ಇದನ್ನು ಬರೆದವರು ಯಾರು" ಎಂದು ಕೇಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ರಿಹರ್ಸಲ್ಲಿನಲ್ಲಿ ಅವಳು ನನ್ನ ಪದಗಳನ್ನು ಎಳೆದಾಡಿದಳು. "ಸಾಹಿತ್ಯ ಸ್ವಲ್ಪ ಜಾಸ್ತಿ ಆಯ್ತು ಕಣೇ, ಅರ್ಧ ತೆಗ್ದಿದೀನಿ" ಎಂದಳು, ಸಾರಿಗೆ ಉಪ್ಪು ಜಾಸ್ತಿಯಾದ ಹಾಗೆ. ನಾನು ಮುಖ ಊದಿಸಿಕೊಂಡರೆ, "ಬದಲಾಯಿಸಿಲ್ವಲ್ಲ, ಚಿಕ್ಕದ್ ಮಾಡಿದೀನಿ" ಎನ್ನುವಳು. ಅಳಿಯ ಅಲ್ಲ, ಮಗಳ ಗಂಡ. ಆಮಂತ್ರಣ ಪತ್ರಿಕೆ ಬಂದಾಗ 'ಸಂಗೀತ, ನಿರ್ದೇಶನ' ದಪ್ಪ ಅಕ್ಷರದಲ್ಲಿತ್ತು. 'ಸಾಹಿತ್ಯ' ಇದ್ದದ್ದು ಮೈಕ್ ಮತ್ತು ಲೈಟಿನವರ ಕೆಳಗೆ.

ಕೆರೆಯ ಪಾತ್ರಕ್ಕೆ ಅವಳು ಆರಿಸಿದ್ದು ಶಾಲೆಯ ಪಿ.ಟಿ. ಮೇಡಂ ಅವರನ್ನು. ರಾಜಾನುಕುಂಟೆಯವರು. ವಿಷಲ್ ಇಲ್ಲದೆ ಇಡೀ ಮೈದಾನವನ್ನು ಸಾಲಾಗಿ ನಿಲ್ಲಿಸುವ ಕಂಠ. ಆದರೆ ಅವರ ಬಾಯಲ್ಲಿ ಹಕಾರ ಮಾತ್ರ ನಿಲ್ಲದು, ಹಕ್ಕಿ ಅಕ್ಕಿಯಾಗುತ್ತಿತ್ತು.

"ಹ ಅನ್ನಿ ಮೇಡಂ" ಎಂದೆ.

"ಅದ್ನೇ ತಾನೆ ಯೋಳ್ತಿರೋದು? ಅ! ಇಂಗೇ ಅಲ್ವಾ?"

"ಬಿಡೇ, ಶ್ರುತಿ ಸರಿಯಾಗಿದ್ಯಲ್ಲ" ಎಂದಳು ನನ್ನ ಗೆಳತಿ. ಅವಳ ಲೋಕದಲ್ಲಿ ಶ್ರುತಿ ಸರಿಯಿದ್ದರೆ ಎಲ್ಲವೂ ಸರಿ.

ನಾಟಕದ ದಿನ ನಾನು ಹಾಲ್‌ನ ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದೆ. ಕೊನೆಯ ದೃಶ್ಯ ಬಂತು. ಪಿ.ಟಿ. ಮೇಡಂ ಎರಡೂ ಕೈ ಚಾಚಿ ಹಾಡಿದರು: "ಅರಿಯಲಿಲ್ಲ ನೀನು, ಮಗಳೇ, ಅರಿಯಲಿಲ್ಲ."

ಹಣೆ ಚಚ್ಚಿಕೊಂಡೆ. ಜನ ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. ಮುಂದಿನ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತಿತ್ತು. ಆಗ ನನಗೆ ಹೊಳೆಯಿತು. ನನ್ನ ಕೆರೆ ನೀರು ಬರಲಿಲ್ಲ ಎಂದು ದೂರುತ್ತಿತ್ತು. ಮೇಡಂ ಅವರ ಕೆರೆ, ನೀನು ನನ್ನನ್ನು ತಿಳಿದುಕೊಳ್ಳಲೇ ಇಲ್ಲ ಎನ್ನುತ್ತಿತ್ತು. ಅದು ತಾಯಿಯ ಮಾತು. ನನ್ನದು ನೀರಾವರಿ ಇಲಾಖೆಗೆ ಬರೆದ ಅರ್ಜಿಯ ಮಾತು. ಗೆಳತಿಯ ರಾಗದ ಮೇಲೆ ಹೊಟ್ಟೆಕಿಚ್ಚುಪಟ್ಟು ಅಭ್ಯಾಸವಿತ್ತು, ಉದುರಿಹೋದ ಒಂದು ಅಕ್ಷರದ ಮೇಲೆ ಪಟ್ಟದ್ದು ಅದೇ ಮೊದಲು.

ಪರದೆ ಬಿದ್ದ ಮೇಲೆ ಎಂದಿನಂತೆ ಎಲ್ಲರೂ ಅವಳ ಸುತ್ತ. "ಏನ್ ಟ್ಯೂನ್ ಕಣ್ರೀ!" ಆ ಗುಂಪಿನೊಳಗೆ ವಯಸ್ಸಾದ ಹೆಂಗಸೊಬ್ಬರು ನುಗ್ಗಿಕೊಂಡು ಬಂದರು. "ಅರಿಯಲಿಲ್ಲ ಮಗಳೇ ಅಂತ ಬರ್ದಿದ್ದು ಯಾರಮ್ಮ?"

ಗೆಳತಿ ನನ್ನ ಕೈ ಹಿಡಿದು ಮುಂದಕ್ಕೆ ಎಳೆದಳು. "ಇವ್ಳೇ ಆಂಟಿ. ಸಾಹಿತ್ಯ ಪೂರ್ತಿ ಇವ್ಳದೇ!" ಅವಳ ಮುಖದಲ್ಲಿ ಕೊಂಕಿರಲಿಲ್ಲ, ಹೆಮ್ಮೆಯಿತ್ತು. ಏನು ಬದಲಾಗಿದೆ ಎಂಬುದು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಆಚೆ ಪಿ.ಟಿ. ಮೇಡಂ, ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ, ಟೀ ಕುಡಿಯುತ್ತ ನಮ್ಮನ್ನೇ ನೋಡಿ ನಗುತ್ತಿದ್ದರು.

ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡರು. "ನಮ್ಮಮ್ಮ ಹೋದ್ ವರ್ಷ ತೀರ್ಕೊಂಡ್ರು. ಅವ್ರಿಗೆ ಏನ್ ಬೇಕಿತ್ತೋ, ಕೊನೇವರ್ಗೂ ನಂಗೆ ಗೊತ್ತೇ ಆಗ್ಲಿಲ್ಲ. ನಿಜವಾಗ್ಲೂ ನೀವೇ ಬರ್ದಿದ್ದಾ?"

"ಹೌದು" ಎಂದೆ, ಹಕಾರವನ್ನು ಒತ್ತಿ.