ಇಳಿಜಾರಿಗೆ ಕೊಯ್ದ ಕಪಾಟು

ಅಪ್ಪನ ಕಣ್ಣು ಹೋಗಿದ್ದು ಮನೆಯವರನ್ನು ಬಿಟ್ಟರೆ ಬಳ್ಳಾರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿರುಗುಪ್ಪದಲ್ಲಿ ಮಾಸ್ತರಿಕೆ ಮುಗಿಸಿ, ಅಣ್ಣನಿಗೆ ಕೆಲಸ ಸಿಕ್ಕ ಊರೆಂದು ನಾವು ಇಲ್ಲಿಗೆ ಬರುವ ಹೊತ್ತಿಗೆ ಅವರಿಗೆ ಬಾಗಿಲ ಬೆಳಕಷ್ಟೇ ಮಸುಕಾಗಿ ತಿಳಿಯುತ್ತಿತ್ತು. ಸತ್ಯನಾರಾಯಣಪೇಟೆಯ ನಮ್ಮ ಓಣಿಯ ಮಠದವರು ಶ್ರಾವಣಕ್ಕೆ ಪುರಾಣ ಹೇಳಬೇಕೆಂದು ಕರೆಯಲು ಬಂದಾಗ ಅಪ್ಪ ಕನ್ನಡಕ ಹಾಕಿಕೊಂಡು ಕೂತು ಒಪ್ಪಿಕೊಂಡುಬಿಟ್ಟರು. ಪುರಾಣವೇನೋ ಪೂರ್ತಿ ಬಾಯಿಪಾಠ. ಆದರೆ ಹೇಳುವಾಗ ಗ್ರಂಥ ಮುಂದೆ ತೆರೆದಿರಬೇಕು, ಪುಟ ತಿರುವುತ್ತಿರಬೇಕು.

"ಪುಸ್ತಕ ನೋಡದ ಹೇಳಿದ್ರ ಕಥಿ ಹೇಳೋ ಮುದುಕ ಅಂತಾರ, ಪುರಾಣಿಕ ಅನ್ನಂಗಿಲ್ಲ," ಎಂದರು ಅಪ್ಪ, ಮಠದವರು ಹೋದ ಮೇಲೆ.

ಕುರುಗೋಡಿನಲ್ಲಿ ಅವರಿಗೆ ಪುರಾಣ ಕಲಿಸಿದ ಗುರುಗಳ ಕಟ್ಟಳೆ ಇನ್ನೊಂದಿತ್ತು. ಹೇಳುವವನೇ ಸ್ನಾನ ಮಾಡಿ ಬಂದು ಕೈಯಾರೆ ಗ್ರಂಥ ತೆಗೆದುಕೊಳ್ಳಬೇಕು. ಬೇರೆಯವರು ಎತ್ತಿ ಕೊಡಬಾರದು. ಕಣ್ಣು ಹೋದ ಮೇಲೆ ಅಪ್ಪ ಇದನ್ನು ಇನ್ನೂ ಬಿಗಿಯಾಗಿ ಹಿಡಿದರು. ಊಟಕ್ಕೆ, ಬಚ್ಚಲಿಗೆ ಎಲ್ಲದಕ್ಕೂ ಮಗಳಾದ ನನ್ನ ತೋಳು ಬೇಕಾಗುತ್ತಿತ್ತು. ಈ ಒಂದು ಕೆಲಸಕ್ಕೆ ಯಾರ ಹಂಗೂ ಬೇಡವೆಂಬ ಹಟ ಅವರದು.

ಪುಸ್ತಕಗಳು ಇನ್ನೂ ಗೋಣಿಚೀಲದಲ್ಲೇ ಇದ್ದವು. ಅಣ್ಣ ಕಂಟೋನ್ಮೆಂಟಿನ ಬಂಗಲೆಯೊಂದರ ಹರಾಜಿನಲ್ಲಿ ಸಿದ್ಧ ಕಪಾಟೊಂದನ್ನು ಹಿಡಿದು ಬಂಡಿಯಲ್ಲಿ ಹೇರಿಕೊಂಡು ಬಂದ. ಅಪ್ಪನ ಕೋಣೆ ಮನೆಯ ಹಿಂಭಾಗಕ್ಕೆ ಆತುಕೊಂಡದ್ದು. ಹಂಚಿನ ಚಾವಣಿ ಒಂದೇ ಕಡೆಗೆ ಇಳಿದಿತ್ತು. ಎತ್ತರದ ಗೋಡೆಯನ್ನೆಲ್ಲ ಬಾಗಿಲು, ಕಿಟಕಿಗಳೇ ನುಂಗಿದ್ದವು. ಉಳಿದದ್ದು ತಗ್ಗಿನ ಗೋಡೆ. ಅಣ್ಣ ಮೊದಲು ಅಳತೆ ತೆಗೆದದ್ದು ಚಾವಣಿ ಎತ್ತರವಿದ್ದ ಬಾಗಿಲ ಬಳಿ ನಿಂತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ? ಕಪಾಟನ್ನು ಗೋಡೆಗೆ ಒತ್ತಿದರೆ ತಲೆ ಹಂಚಿಗೆ ತಾಗುತ್ತಿತ್ತು. ಮುಂದಕ್ಕೆ ಎಳೆದರೆ ಕೋಣೆಯ ನಡುವೆ ನಿಂತು ಅಪ್ಪನ ಮಂಚಕ್ಕೆ ಜಾಗವಿರುತ್ತಿರಲಿಲ್ಲ. ಕೊನೆಗೆ ಗರಗಸ ತಂದು ಅದನ್ನು ಎರಡು ತುಂಡು ಮಾಡಿದ. ಕೆಳಗಿನ ಮೂರು ಖಾನೆ ಒಂದಾಯಿತು, ಮೇಲಿನ ಎರಡು ಖಾನೆಗಳ ಗಿಡ್ಡ ತುಂಡನ್ನು ಅದರ ಪಕ್ಕಕ್ಕೆ ನೆಲದ ಮೇಲೆ ಕೂರಿಸಿದ. ತೇಗದ ಹುಡಿಯಲ್ಲಿ ಕೂತು ಅಪ್ಪ, ಯಾವ ಖಾನೆ ಎಲ್ಲಿ ಬಂತು ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಪುಸ್ತಕ ಜೋಡಿಸಿದ್ದು ನಾವಿಬ್ಬರು. ಅವರು ಹೇಳಿದ ಕಡೆ ನಾನು ಇಡುವುದು, ಅವರು ಸವರಿ ನೆನಪಿಟ್ಟುಕೊಳ್ಳುವುದು. ನಿಂತು ಕೈಚಾಚಲು ಹೋಗಿ ಎರಡು ಸಲ ಹಂಚಿನ ಕೆಳಗಿನ ತೊಲೆಗೆ ಹಣೆ ಬಡಿಸಿಕೊಂಡರು. ಕೂತೇ ತೆಗೆಯುವ ಹಾಗಿರಲಿ ಎಂದು ಪುರಾಣವನ್ನು ಗಿಡ್ಡ ತುಂಡಿನ ಕೆಳ ಖಾನೆಯಲ್ಲಿ, ಎಡತುದಿಗೆ ಇಡಿಸಿದರು. ದಪ್ಪ ಪುಸ್ತಕಗಳಿಗೆಲ್ಲ ಅವರು ಒಂದೇ ಬಗೆಯ ಬಟ್ಟೆಯ ರಟ್ಟು ಕಟ್ಟಿಸಿದ್ದರು, ಗುರುತಿಗೆ ಜಾಗವೊಂದೇ. ಆ ಸಂಜೆ ತಾವೇ ಹತ್ತಾರು ಸಲ ತೆಗೆದು, ಇಟ್ಟು, ಮಕ್ಕಳ ಹಾಗೆ ಖುಷಿಪಟ್ಟರು.

ಪುರಾಣ ಸುರುವಾದ ದಿನ ಸ್ನಾನ ಮುಗಿಸಿ, ಕೋಣೆಗೆ ಒಬ್ಬರೇ ಹೋಗಿ, ಕೆಂಪು ವಸ್ತ್ರದಲ್ಲಿ ಗ್ರಂಥ ಸುತ್ತಿಕೊಂಡು ಬಂದರು. ವಯಸ್ಸಿನ ನೆಪದಲ್ಲಿ ನನ್ನ ತೋಳು ಹಿಡಿದೇ ಮಠಕ್ಕೆ ನಡೆದರು. ಮಠ ತುಂಬಿತ್ತು. ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ನಾನು ಪೀಠದ ಹತ್ತಿರವೇ ಕೂತಿದ್ದೆ. ಅಪ್ಪ ವಸ್ತ್ರ ಬಿಚ್ಚಿ, ಪುಸ್ತಕ ತೆರೆದು, ಕಣ್ಣಿಗೊತ್ತಿಕೊಂಡು ರಾಗವಾಗಿ ಹೇಳತೊಡಗಿದರು. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಓದುವವರ ಹದಕ್ಕೆ ಸರಿಯಾಗಿ ಪುಟ ತಿರುವಿದರು. ತಿರುವಿದ ಪುಟದಲ್ಲಿ ನೀಲಿ ಸಮುದ್ರ, ಹಸಿರು, ಹಳದಿ ದೇಶಗಳ ನಕ್ಷೆ ಇತ್ತು. ಅದು ಅಪ್ಪನ ಮಾಸ್ತರಿಕೆಯ ಕಾಲದ ಭೂಗೋಳ.

ಮುಂದೆ ಕೂತ ಹಿರಿಯರೊಬ್ಬರು ಕತ್ತು ಚಾಚುವುದು ಕಂಡಿತು. ನಾನು ಬತ್ತಿ ಸರಿಮಾಡುವವಳಂತೆ ಎದ್ದು, ಅವರಿಗೆ ಅಡ್ಡವಾಗಿ ಬಗ್ಗಿ, ಆ ಪುಟ ಮಗುಚಿಬಿಟ್ಟೆ. ಅಪ್ಪನ ಬೆರಳು ನನ್ನ ಕೈಗೆ ತಾಗಿತು. ಪದ್ಯ ನಿಂತಿತು.

"ಯಾವುದವ್ವ ಇದು?" ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ.

"ಭೂಗೋಳ, ಅಪ್ಪಾ."

ಒಮ್ಮೆ ಕೆಮ್ಮಿ, ನಿಲ್ಲಿಸಿದ ಪದ್ಯದಿಂದಲೇ ಮುಂದುವರಿದರು. ಒಂದಕ್ಷರ ತಪ್ಪಲಿಲ್ಲ. ಆದರೆ ಆಮೇಲೆ ಪುಟ ತಿರುವಿದಾಗಲೆಲ್ಲ ಅದರ ಮೇಲೆ ಅಂಗೈ ಹರಡಿ ಮುಚ್ಚುತ್ತಿದ್ದರು. ನಾನು ಪೀಠ ಬಿಟ್ಟು ಅಲುಗಲಿಲ್ಲ. ಮಂಗಳಾರತಿಗೆ ಮೊದಲೇ ಪುಸ್ತಕ ಸುತ್ತಿಬಿಟ್ಟರು. ಜನ ಒಬ್ಬೊಬ್ಬರಾಗಿ ಬಂದು ಆ ಗಂಟಿಗೆ ಹಣೆಯಿಟ್ಟು ಹೋದರು. ಯಾರಿಗೂ ಏನೂ ತಿಳಿಯಲಿಲ್ಲ.

ಮನೆಗೆ ಬಂದಾಗ ಅವ್ವ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಎಲ್ಲ ಚಲೋ ಆಯಿತೇ ಎಂದು ಕೇಳಿದಳು. ಆಮೇಲೆ ನೆನಪಾದವಳಂತೆ, "ಪುರಾಣ ನೀವು ಮಲಗಿದಾಗ ಕಾಲಿಗೆ ಬರತಿತ್ತುರಿ, ಅದಕ್ಕ ಮಧ್ಯಾಹ್ನ ಆಚಿ ಕಪಾಟಿನ ಮ್ಯಾಲಿನ ಖಾನ್ಯಾಗ ಇಟ್ಟೀನಿ. ಆ ಜಾಗಕ್ಕ ಬ್ಯಾರೆ ಪುಸ್ತಕ ಸರಿಸೀನಿ. ಹೇಳೋದು ಮರತೆ. ಸಿಕ್ಕಿತಲ್ಲ?" ಎಂದಳು.

ನನಗೆ ನೆತ್ತಿಗೇರಿದ ಸಿಟ್ಟು ಬಾಯಿಗೆ ಬರುವಷ್ಟರಲ್ಲಿ ಅಪ್ಪ ನನ್ನ ತೋಳು ಒತ್ತಿದರು.

"ಸಿಕ್ಕಿತು," ಎಂದರು.

ಮರುದಿನ ಅವರು ಸ್ನಾನಕ್ಕೆ ಹೋದಾಗ ನಾನು ಪುರಾಣವನ್ನು ಮೊದಲಿನ ಜಾಗಕ್ಕೇ ತಂದಿಟ್ಟು, ಅವರು ಬಂದ ಕೂಡಲೇ ಹೇಳಿದೆ. ಅಪ್ಪ ಕೋಣೆಯ ಹೊಸ್ತಿಲವರೆಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ. ಕೆಂಪು ವಸ್ತ್ರವನ್ನು ಎರಡೂ ಅಂಗೈಗಳ ಮೇಲೆ ಹಾಸಿ ನನ್ನ ಕಡೆಗೆ ಚಾಚಿದರು.

"ನೀನ ತಗದು ಕೊಡವ್ವ," ಎಂದರು.

ತೆಗೆದುಕೊಟ್ಟೆ. ಅವರು ಸವರಿ ನೋಡಲಿಲ್ಲ. ಯಾವುದೆಂದು ಕೇಳಲೂ ಇಲ್ಲ.