ಸೋಫಾದ ಹಿಂದೆ ಅವ್ವ

ಕಳೆದ ವಾರ ನಮ್ಮವ್ವ ನಮ್ಮನೆಯ ಸೋಫಾದ ಹಿಂದೆ ಅಡಗಿ ಕೂತಿದ್ದಳು.

ನಗಬೇಡಿ. ಅವಳೇನು ಮೊಮ್ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿರಲಿಲ್ಲ. ಮಂಡಿನೋವಿನ ಹೆಂಗಸು. ಬಸ್ಸು ಹತ್ತಬೇಕಾದರೆ ಕಂಡಕ್ಟರ್ ರಟ್ಟೆ ಹಿಡಿದು ಮೇಲೆಳೆಯಬೇಕು. ಅಂಥವಳು ಚಂಗನೆ ಎದ್ದು, ಸೋಫಾಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಯಾಕೆ? ಕಳ್ಳ ಬಂದನೇ? ಪೊಲೀಸ್ ಬಂದರೇ?

ಅಳಿಯ ಬಂದರು. ಅಷ್ಟೇ.

ಮೊದಲು ಸೋಫಾದ ಕಥೆ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಓವರ್‌ಸಿಯರ್. ಯಳಂದೂರಿನವರು. ಒಳ್ಳೆಯವರೇ, ಆದರೆ ಕಂಡದ್ದಕ್ಕೆಲ್ಲ ರಸಮಟ್ಟ ಇಟ್ಟು ನೋಡುವ ಬುದ್ಧಿ. ದೋಸೆ ಒಂದು ಕಡೆ ದಪ್ಪವಾದರೆ "ಲೆವೆಲ್ ಇಲ್ಲ" ಎಂದು ತಟ್ಟೆ ತಿರುಗಿಸುತ್ತಾರೆ. ಮೈಸೂರಿನಲ್ಲಿ ಯಾರೋ ಇಂಜಿನಿಯರ್ ಸಾಹೇಬರ ಬಂಗಲೆಯಲ್ಲಿ ಮೂಲೆ ಸೋಫಾ ನೋಡಿ ಬಂದವರು, ಇಲ್ಲೇ ಕೊಳ್ಳೇಗಾಲದ ಆಚಾರಿಗೆ ಹೇಳಿ ಅಂಥದ್ದೇ ಒಂದು ಮಾಡಿಸಿದರು. ನೋಡದವರಿಗೆ ಹೇಳುವುದಾದರೆ, ಎರಡು ಬೆಂಚುಗಳನ್ನು ಗೋಡೆಯ ಮೂಲೆಯಲ್ಲಿ ಜೋಡಿಸಿ ಮೆತ್ತೆ ಹೊಡೆದ ಹಾಗೆ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಮೂಲೆಯ ಕಡೆ ಬೆನ್ನನ್ನು ಓರೆಯಾಗಿ ಕೊಟ್ಟಿದ್ದರಿಂದ ಹಿಂದೆ ಒಬ್ಬರು ಕೂರುವಷ್ಟು ಖಾಲಿ ಜಾಗ ಉಳಿಯಿತು. ಸಾಲದ್ದಕ್ಕೆ, ಗೋಡೆಯ ಸುಣ್ಣ ರೆಕ್ಸಿನ್ನಿಗೆ ಹತ್ತುತ್ತದೆಂದು ಇಡೀ ಸೋಫಾವನ್ನೇ ಒಂದು ಮೊಳ ಈಚೆಗೆ ಎಳೆದಿಟ್ಟರು.

ಆಮೇಲೆ ಶುರುವಾಯಿತು ಬ್ಯಾಲೆನ್ಸ್ ಪುರಾಣ.

"ಇಷ್ಟು ದೊಡ್ಡದು ಒಂದೇ ಮೂಲೇಲಿ ಕೂತ್ರೆ ಹಾಲ್ ಆ ಕಡೆಗೆ ವಾಲಿದಂಗೆ ಕಾಣ್ತದೆ ಕಣೇ. ಎದುರು ಮೂಲೆಗೂ ತೂಕ ಬೇಕು."

(ಹಾಲ್ ಎಂದರೆ ನಡುಮನೆಯೇ. ಸೋಫಾ ಬಂದ ದಿನದಿಂದ ಅದಕ್ಕೆ ಈ ಹೆಸರು.)

ಎದುರು ಮೂಲೆಗೆ ರೇಡಿಯೋ ಹೋಯಿತು. ಅದಕ್ಕೊಂದು ಎತ್ತರದ ಸ್ಟ್ಯಾಂಡ್, ಮೇಲೊಂದು ಕ್ರೋಷಾ ಕವರ್. ಪಕ್ಕದಲ್ಲಿ ನನ್ನ ತವರಿನ ಹಿತ್ತಾಳೆ ಕೊಳಗ, ಅದರೊಳಗೆ ಕ್ರೋಟನ್ ಗಿಡ. (ರಾಗಿ ಅಳೆಯುತ್ತಿದ್ದ ಕೊಳಗ ಗಿಡ ಹೊತ್ತು ನಿಂತದ್ದನ್ನು ನೋಡಿ ನನಗೆ ನಗು.) ಮಗ್ಗದ ಮನೆಯವರಿಂದ ಬೇಡಿ ತಂದ ರೇಷ್ಮೆ ಚೂರುಗಳಲ್ಲಿ ನಾನು ದಿಂಬಿನ ಚೀಲ ಹೊಲಿದೆ. ಗಿಡ್ಡ ತೋಳಿಗೆ ಗಾಢ ಬಣ್ಣ, ಉದ್ದ ತೋಳಿಗೆ ತೆಳು ಬಣ್ಣ. ಇದೂ ಓವರ್‌ಸಿಯರ್ ಸಾಹೇಬರ ಆರ್ಡರ್. ಇಷ್ಟು ಹೊತ್ತು ಗೇಲಿ ಮಾಡುತ್ತಿದ್ದವಳು, ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ನಿಜಕ್ಕೂ ಚೆನ್ನಾಗಿತ್ತು.

ಚೆನ್ನಾಗಿ ಕಂಡ ಕೂಡಲೇ ನನಗೆ ಅನ್ನಿಸಿದ್ದು ಒಂದೇ. ಅವ್ವ ಇಲ್ಲಿ ಕೂರಬೇಕು.

ಇದೇನು ದೊಡ್ಡ ಆಸೆ ಎನ್ನುತ್ತೀರಾ? ನಮ್ಮ ಸೀಮೆಯಲ್ಲಿ ಹೌದು ಸ್ವಾಮಿ, ದೊಡ್ಡದೇ. ಅಳಿಯನ ಎದುರಿಗೆ ಅತ್ತೆ ಕೂರುವುದಿಲ್ಲ. ಮುಖ ಕೊಟ್ಟು ಮಾತಾಡುವುದಿಲ್ಲ. ಅಡುಗೆಮನೆ ಬಾಗಿಲ ಹಿಂದೆ ನಿಲ್ಲುತ್ತಾಳೆ. "ಅಳಿದೇವ್ರು ಉಂಡ್ರಾ ಅಂತ ಕೇಳ್ ಮಗ" ಎನ್ನುತ್ತಾಳೆ. ಈ ದೇವರು ಕೂಗಳತೆಯಲ್ಲಲ್ಲ, ಕೈಯಳತೆಯಲ್ಲೇ ಇರುತ್ತಾರೆ. ಅವರು ನನ್ನ ಕಡೆ ತಿರುಗಿ "ಉಂಡೆ ಅಂತ ಹೇಳೇ" ಎನ್ನುತ್ತಾರೆ. ನಡುವೆ ನಾನು ಟೆಲಿಫೋನ್ ಎಕ್ಸ್‌ಚೇಂಜ್. ಅವ್ವ ಬಂದಿದ್ದಾಳೆಂದು ಗೊತ್ತಿದ್ದರೆ ಯಜಮಾನರು ಬೀದಿ ತಿರುವಿನಲ್ಲೇ ಸೈಕಲ್ ಬೆಲ್ ಬಾರಿಸಲು ಶುರು ಮಾಡುತ್ತಾರೆ. ಬೆಲ್ ಕೇಳಿದರೆ ಸಾಕು, ಅವ್ವ ಎಲ್ಲಿದ್ದರೂ ಎದ್ದು ಬಾಗಿಲ ಹಿಂದೆ ಸೇರಿಕೊಳ್ಳುತ್ತಾಳೆ.

ನಮ್ಮ ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಬಂತು. ಮೈಸೂರು ಹೋಗಿ ಕರ್ನಾಟಕ ಆಯಿತು. ನಮ್ಮವ್ವ ಮಾತ್ರ ಅಡುಗೆಮನೆಯಿಂದ ಹಾಲಿಗೆ ಬರಲಿಲ್ಲ.

ತವರಿಗೆ ಹೋದಾಗ ಜೊತೆಯಲ್ಲಿ ಕೂರಬಹುದಲ್ಲ ಎನ್ನಬಹುದು ನೀವು. ರಾಮಾಪುರದಲ್ಲಿ ಅವ್ವ ಕೂತದ್ದನ್ನು ಕಂಡವರುಂಟೇ? ಕೊಟ್ಟಿಗೆ, ಕಣ, ಒಲೆ. ನಾನು ಹೋದರೆ ಅವಳ ಹಿಂದೆ ಹಿಂದೆ ಸುತ್ತುತ್ತಾ ಅವಳ ಬೆನ್ನಿನ ಜೊತೆ ಮಾತಾಡಿ ಬರುತ್ತೇನೆ. ಇಲ್ಲಿಗೆ ಅವಳು ಬಂದರೆ ಬಾಗಿಲು. ಮದುವೆಯಾದ ಮೇಲೆ ನಮ್ಮವ್ವನ ಮುಖವನ್ನು ನೆಮ್ಮದಿಯಾಗಿ ನೋಡಿದ ನೆನಪೇ ನನಗಿಲ್ಲ. ನನ್ನದು ಅಂತ ಒಂದು ಮನೆಯಾದ ಮೇಲೆ, ಅದರ ನಡುವೆ ಅವಳು ಒಂದೇ ಒಂದು ಸಲ ಬೆನ್ನು ಒರಗಿಸಿ ಕೂರಲಿ ಎಂದು ಎಷ್ಟು ಹಂಬಲಿಸಿದ್ದೇನೋ, ಹೇಳಿದರೆ ನಿಮಗೆ ಹುಚ್ಚು ಎನ್ನಿಸೀತು.

ಕಳೆದ ವಾರ ಅವಳು ಒಂದು ಚೀಲ ಹಸಿ ಅವರೆಕಾಯಿ ಹೊತ್ತುಕೊಂಡು ಬೆಳಗಿನ ಬಸ್ಸಿಗೆ ಬಂದಳು. ಯಜಮಾನರು ಆಗಲೇ ಕೆಲಸಕ್ಕೆ ಹೋಗಿದ್ದರು, ಮಕ್ಕಳು ಸ್ಕೂಲಿಗೆ. ನಾನು ಚೀಲ ಕಿತ್ತುಕೊಂಡು ಅವಳನ್ನು ಸೀದಾ ಸೋಫಾದ ಮುಂದೆ ನಿಲ್ಲಿಸಿದೆ.

"ಕೂತ್ಕವ್ವ."

"ಅಯ್, ಬ್ಯಾಡ ಕಣ್ ಮಗ. ಅಳಿದೇವ್ರು ಕೂರೋ ಜಾಗ."

"ಅವ್ರು ಬರೋದು ಸಾಯಂಕಾಲ ಕಣವ್ವ. ಬಂದ್ರೂ ಸೈಕಲ್ ಸದ್ದು ಕೇಳ್ತದಲ್ಲ. ಕೂತ್ಕ."

"ಯಾರಾರ ಕಂಡ್ರೆ ಏನಂದಾರು?"

"ಯಾರವ್ವ ಕಾಣೋರು? ನಾನೊಬ್ಳೆ ಕಾಣದು."

ಮೊದಲು ಕೈಯಿಂದ ಒತ್ತಿ ನೋಡಿದಳು, ಹಲಸಿನ ಹಣ್ಣು ನೋಡುವ ಹಾಗೆ. "ಇದೇನ್ ಮಗ, ಒಳಿಕ್ಕೆ ಓಯ್ತದೆ!" ಕೂತಳು. ತುದಿಯಲ್ಲಿ. ಆಮೇಲೆ ಸ್ವಲ್ಪ ಹಿಂದಕ್ಕೆ. ಎಲೆಅಡಿಕೆ ಚೀಲ ಬಿಚ್ಚಿ ಪಕ್ಕಕ್ಕಿಟ್ಟುಕೊಂಡಳು. ನಾನು ಕಾಫಿ ತಂದೆ. ಮೂಲೆಯಲ್ಲಿ, ಉದ್ದ ತೋಳಿಗೆ ಅವಳು, ಗಿಡ್ಡ ತೋಳಿಗೆ ನಾನು.

ಆಗ ನನಗೆ ಮೂಲೆ ಸೋಫಾದ ಮರ್ಮ ತಿಳಿಯಿತು. ಜಗುಲಿಯ ಮೇಲೆ ಪಕ್ಕದಲ್ಲಿ ಕೂತರೆ ಮುಖ ಕಾಣುವುದಿಲ್ಲ. ಕುರ್ಚಿಯಲ್ಲಿ ಎದುರುಬದುರು ಕೂತರೆ ಕೈಗೆ ಎಟುಕುವುದಿಲ್ಲ. ಮೂಲೆಯಲ್ಲಿ ಎರಡೂ ಆಗುತ್ತದೆ. ಅವಳ ಮಂಡಿ ನನ್ನ ಮಂಡಿಗೆ ತಾಗುತ್ತಿತ್ತು, ಮುಖವೂ ಕಾಣುತ್ತಿತ್ತು. ಅವ್ವನ ಹುಬ್ಬು ಯಾವಾಗ ನರೆಯಿತು? ನನಗೆ ಗೊತ್ತೇ ಇರಲಿಲ್ಲ.

ಅವಳೂ ನೋಡುತ್ತಿದ್ದಳು. "ಕಣ್ ಕೆಳ್ಗೆ ಯಾಕ್ ಮಗ ಇಂಗೆ ಕಪ್ಪಾಗದೆ? ನಿದ್ದೆ ಮಾಡಕ್ಕಿಲ್ವಾ?" ಎಂದು ಹೆಬ್ಬೆರಳಿನಿಂದ ಒರೆಸಿದಳು, ಒರೆಸಿದರೆ ಹೋಗುತ್ತದೆ ಎನ್ನುವ ಹಾಗೆ. ಅವಳ ಕೈ ಹಾಗೇ ಇರಲಿ ಅನ್ನಿಸಿತು ನನಗೆ. ನಿಧಾನವಾಗಿ ದಿಂಬಿಗೆ ಒರಗಿದಳು. ಕಾಲು ಮೇಲಕ್ಕೆತ್ತಿಕೊಂಡಳು. "ಸೊಂಟಕ್ಕೆ ಇತವಾಗದೆ ಕಣ್ ಮಗ" ಎಂದು ಕಣ್ಣು ಮುಚ್ಚಿದಳು.

ಅದೇ ಹೊತ್ತಿಗೆ ಜಗುಲಿಯ ಮೇಲೆ ಚಪ್ಪಲಿ ಬಿಟ್ಟ ಸದ್ದು.

ಬೆಲ್ ಆಗಲಿಲ್ಲ. ಹೇಗಾದೀತು? ಸೈಕಲ್ ಪಂಕ್ಚರ್ ಆಗಿ ಶಾಪಿನಲ್ಲಿ ಮಲಗಿತ್ತು. ತಲೆನೋವೆಂದು ಅರ್ಧ ದಿನಕ್ಕೇ ನಡೆದು ಬಂದಿದ್ದರು. ಅತ್ತೆ ಬಂದಿರುವುದು ಅವರಿಗೆ ಗೊತ್ತಿಲ್ಲ. ಅಡುಗೆಮನೆಗೆ ಓಡಬೇಕಾದರೆ ಬೀದಿ ಬಾಗಿಲ ಎದುರೇ ಹಾದು ಹೋಗಬೇಕು. ಅವ್ವ ಎದ್ದವಳು ಒಂದು ಗಳಿಗೆ ಅತ್ತ ಇತ್ತ ನೋಡಿ, ಸೋಫಾದ ತುದಿ ಸುತ್ತಿ ಸಂದಿಯೊಳಗೆ ಹೋಗಿ, ಆ ಖಾಲಿ ಮೂಲೆಯಲ್ಲಿ ಕುಕ್ಕರಿಸಿದಳು.

ಯಜಮಾನರು ಒಳಗೆ ಬಂದರು. ಟೀಪಾಯಿಯ ಮೇಲೆ ಎರಡು ಕಾಫಿ ಲೋಟ. ಸೋಫಾದ ಮೇಲೆ ಎಲೆಅಡಿಕೆ ಚೀಲ. ಬಾಗಿಲ ಬಳಿ ಅವರೆಕಾಯಿ. ನನ್ನ ಮುಖ ನೋಡಿದರು. ಸೋಫಾದ ಹಿಂದೆ ಬಳೆ ಸಣ್ಣಗೆ ಸದ್ದು ಮಾಡಿತು.

ಅವರು ನಗಬಹುದಿತ್ತು. ನಗಲಿಲ್ಲ. ಹೊರಗೆ ಹೋಗಬಹುದಿತ್ತು. ಆದರೆ ಹಾಗೆ ಹೋದರೆ ಗೊತ್ತಾಯಿತೆಂದು ಅವ್ವ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು. ಉದ್ದ ತೋಳಿನ ಮೇಲೆ ಉದ್ದಕ್ಕೆ ಮಲಗಿ, ಟವೆಲ್ಲನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು, ಅಗತ್ಯಕ್ಕಿಂತ ಜೋರಾಗಿ ಹೇಳಿದರು: "ತಲೆ ಸಿಡೀತಾ ಅದೆ ಕಣೇ. ಕಣ್ ಬಿಡಕ್ಕೂ ಆಗಲ್ಲ. ನೀನು ಅಡುಗೆಮನೇಲಿ ನಿನ್ ಕೆಲಸ ನೋಡ್ಕ ಹೋಗು."

ಮದುವೆಯಾದಾಗಿನಿಂದ ಈ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

ಅವ್ವ ಗೋಡೆ ಹಿಡಿದು ಎದ್ದಳು. ಬೆನ್ನೆಲ್ಲ ಸುಣ್ಣ. ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಬಂದವಳು ಸೋಫಾದ ತುದಿಯಲ್ಲಿ ನಿಂತಳು. ಹೋಗಲಿಲ್ಲ, ನಿಂತಳು. ಟವೆಲ್ಲಿನಿಂದ ಹೊರಗೆ ಚಾಚಿಕೊಂಡಿದ್ದ ಅಳಿಯನ ಪಾದಗಳನ್ನು ನೋಡಿದಳು. ಆಮೇಲೆ ಅಡುಗೆಮನೆಗೆ ನಡೆದು, ಬಾಗಿಲ ಹಿಂದಿನ ತನ್ನ ಜಾಗ ಸೇರಿ, ಪಿಸುಗುಟ್ಟಿದಳು.

"ಇಮ್ಮಡಿ ಎಲ್ಲ ಒಡ್ದೋಗದೆ ಕಣ್ ಮಗ. ಬಿಸ್ಲಲ್ಲಿ ಅಲೀತಾರಲ್ಲ. ರಾತ್ರಿ ಮಲಗೋವಾಗ ಅರಳೆಣ್ಣೆ ಅಚ್ಚು."

ಅವಳು ಅಳಿಯನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದೂ ಪಾದ ಮಾತ್ರ.

ಸಾಯಂಕಾಲ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಹನೂರಿನ ಮೇಲೆ ಹೋಗುವ ಬಸ್ಸು, ಕಾಲಿಡಲು ಜಾಗವಿಲ್ಲ. ಯಾರೋ ಮೀಸೆಯ ಗಂಡಸು ಸರಿದು ಕೂತು ಜಾಗ ಕೊಟ್ಟ. ಅವ್ವ ಅವನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಳು. ಆರಾಮಾಗಿ! ಅವನ ಜೊತೆ ಮಳೆ ಬೆಳೆ ಮಾತು ಬೇರೆ. ಹೆಸರು ಗೊತ್ತಿಲ್ಲದವನ ಪಕ್ಕ ರಾಮಾಪುರದವರೆಗೂ ಕೂರಬಹುದು, ಮಗಳ ಮನೆಯಲ್ಲಿ ಮಗಳ ಗಂಡನ ಎದುರು ಕೂರಬಾರದು. ಈ ಲೆಕ್ಕವನ್ನು ಯಾರಾದರೂ ನನಗೆ ಬಿಡಿಸಿ ಹೇಳುತ್ತೀರಾ?

ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ಹೇಳಿದಳು. "ಸೊಗ್ಸಾಗಿತ್ತು ಕಣ್ ಮಗ. ನಿನ್ ಜೊತೆ ಕೂತಿದ್ದು." ಬಸ್ಸಿನ ಧೂಳು ಕಣ್ಣಿಗೆ ಬಿತ್ತೆಂದು ನಾನು ಕಣ್ಣೊರೆಸಿಕೊಂಡೆ. (ಧೂಳೇನೂ ಇರಲಿಲ್ಲ.)

ಮನೆಗೆ ಬಂದು ಯಜಮಾನರ ಪಾದಕ್ಕೆ ಹರಳೆಣ್ಣೆ ಹಚ್ಚುತ್ತಾ ಇದು ಯಾರ ಆರ್ಡರ್ ಎಂದು ಹೇಳಿದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ನಮ್ಮ ಮದುವೆಯ ಫೋಟೋ.

"ಇದ್ರಲ್ಲಿ ಅತ್ತೆಮ್ಮ ಎಲ್ಲಿದ್ದಾರೆ?"

"ಇಲ್ಲ. ಅಳಿಯನ ಜೊತೆ ನಿಂತ್ಕಬಾರ್ದು ಅಂತ ಚಪ್ಪರದ ಆಚೆ ಇದ್ಳು."

"ನಿಜ ಹೇಳ್ಲಾ? ಅವರ ದನಿ ಗೊತ್ತು ನಂಗೆ. ಮುಖ ಗೊತ್ತಿಲ್ಲ ಕಣೇ. ನಾಳೆ ಸಂತೇಲಿ ಎದುರಿಗೆ ಸಿಕ್ಕಿದ್ರೆ ಯಾರೋ ಅಜ್ಜಿ ಅಂತ ಪಕ್ಕಕ್ಕೆ ಸರಿದು ಹೋಗಿಬಿಡ್ತೀನಿ. ಚಿಕ್ಕೋನಿದ್ದಾಗ್ಲೇ ತಾಯಿ ಹೋದ್ರು. ಮದುವೆ ಆದ್ರೆ ಇನ್ನೊಬ್ರು ಸಿಕ್ತಾರೆ ಅನ್ಕಂಡಿದ್ದೆ."

ಅವರಿಗೆ ಆಸೆ, ಅವ್ವನಿಗೂ ಆಸೆ, ನನಗಂತೂ ಕೇಳಲೇಬೇಡಿ. ಬೇಡ ಎನ್ನುವವರು ಮನೆಯಲ್ಲಿ ಒಬ್ಬರೂ ಇಲ್ಲ. ಆದರೂ ಮುಂದಿನ ಸಲ ಅವ್ವ ಬಂದಾಗ ಬೀದಿ ತಿರುವಿನಲ್ಲಿ ಅವರು ಬೆಲ್ ಬಾರಿಸುತ್ತಾರೆ, ಅವಳು ಎದ್ದು ಹೋಗುತ್ತಾಳೆ. ಹಾಲ್ ಮಾತ್ರ ಫುಲ್ ಬ್ಯಾಲೆನ್ಸ್.

ಇರಲಿ. ನಿಮ್ಮವ್ವ ನಿಮ್ಮ ಮನೆಗೆ ಬಂದಾಗ ಎಲ್ಲಿ ಕೂರುತ್ತಾಳೆ?