ಒಸಾಕಾದಲ್ಲಿ ರಂಜಕ ಹುಡುಕಿದ್ದು

ಒಸಾಕಾದ ಸ್ಟೇಷನ್ನಿನ ಮೆಟ್ಟಿಲಿಳಿದು ಕೊರಿಯಾದವರ ಅಂಗಡಿಸಾಲಿಗೆ ಕಾಲಿಟ್ಟದ್ದೇ ತಡ, ಬಳ್ಳೊಳ್ಳಿ, ಹಣ್ಣು ಮೆಣಸಿನಕಾಯಿ, ಉಪ್ಪು ಒಂದಾಗಿ ಹುಳಿಯೇರಿದ ವಾಸನೆ ಮೂಗಿಗೆ ಬಡಿಯಿತು. ಬನಹಟ್ಟಿಯಿಂದ ಮಗ್ಗದ ಯಂತ್ರ ನೋಡಲು ಹೋದವನು ನಾನು. ಯಂತ್ರ ಅತ್ತ ಉಳಿಯಿತು. ಒಂದು ಕಡೆ ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿ ತಿಂದೆ, ಇನ್ನೊಂದು ಕಡೆ ಖಾರ ಹಚ್ಚಿದ ಮೂಲಂಗಿ, ಮತ್ತೊಂದು ಕಡೆ ಎಳ್ಳೆಣ್ಣೆಯಲ್ಲಿ ಕಲಸಿದ ಸೊಪ್ಪು. ಎಲ್ಲ ರುಚಿಯಾಗಿಯೇ ಇದ್ದವು, ಆದರೂ ಒಂದು ಕಡೆ ನಿಲ್ಲಲಾಗಲಿಲ್ಲ. ನನಗೆ ಬೇಕಾಗಿದ್ದುದು ಆಯಿ ಕುಟ್ಟುತ್ತಿದ್ದ ಮೆಣಸಿನಕಾಯಿ ಚಟ್ನಿ, ರಂಜಕ. ಊರನ್ನು ನೀರಿಗೆ ಕೊಟ್ಟವರು ನೀವಾಗಿದ್ದರೆ ಈ ಚಡಪಡಿಕೆ ನಿಮಗೂ ಗೊತ್ತಿದ್ದೀತು.

ಆಯಿ ಅಂದರೆ ನನ್ನ ಅಜ್ಜಿ. ಬೀಳಗಿ ಕಡೆಯ ನಮ್ಮೂರು ಆಗಿನ್ನೂ ಆಲಮಟ್ಟಿಯ ಹಿನ್ನೀರಿಗೆ ಹೋಗಿರಲಿಲ್ಲ. ಹಿತ್ತಲಿನ ಒಳಕಲ್ಲಿನ ಮುಂದೆ ಕೂತು, ಕಣ್ಣು ಮೂಗು ಸುರಿಸುತ್ತ, ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ ಸೇರಿಸಿ ಕುಟ್ಟುತ್ತಿದ್ದಳು. ದಿನವಿಡೀ ಘಾಟು ಕುಡಿದ ತನ್ನ ನಾಲಿಗೆಯನ್ನು ಅವಳು ನಂಬುತ್ತಿರಲಿಲ್ಲ. ಪಕ್ಕದ ಮನೆಯ ಗಂಗವ್ವ ಬಂದು, ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಯಕ್ಕಾ, ಉಪ್ಪ ಇನ್ನ ಚೂರ ಬೇಕ ನೋಡ" ಎನ್ನುವ ತನಕ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ಗಂಗವ್ವನ ಮನೆಯ ರಂಜಕಕ್ಕೆ ಆಯಿಯ ನಾಲಿಗೆಯೇ ಆಗಬೇಕು. ನೀರು ಬಂತು. ನಮಗೊಂದು ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತು, ಗಂಗವ್ವನಿಗೆ ಮುಧೋಳ ರಸ್ತೆಯ ಇನ್ನೊಂದರಲ್ಲಿ. ಆ ವರ್ಷ ಕುಟ್ಟಿದ್ದನ್ನು ಆಯಿ ನನಗೇ ನೆಕ್ಕಿಸಿದಳು.

"ಛಲೋ ಆಗೇತಿ ಆಯಿ."

"ನಿನಗೇನ ತಿಳಿತೈತಿ ಬಿಡೋ, ಎಲ್ಲಾದಕ್ಕೂ ಛಲೋ ಅಂತಿ!"

ಕೂತಲ್ಲಿ ಕೂರಲಾರದೆ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿಬಿಟ್ಟಳು. ಸಂಜೆ ಮರಳಿದಾಗ ಡಬ್ಬಿ ತುಂಬಿಯೇ ಇತ್ತು. ಗಂಗವ್ವ ತೀರಿಕೊಂಡು ಆಗಲೇ ತಿಂಗಳಾಗಿತ್ತಂತೆ. ಊರೇ ಚದುರಿದ ಮೇಲೆ ಸುದ್ದಿ ಮುಟ್ಟಿಸುವವರು ಯಾರು? ನಾವು ಎಷ್ಟು ಗೋಗರೆದರೂ ಆಯಿ ಮತ್ತೆಂದೂ ರಂಜಕ ಕುಟ್ಟಲಿಲ್ಲ. ಕೆಲವು ವರ್ಷಗಳಲ್ಲಿ ಅವಳೂ ಹೋದಳು.

ಸಾಲಿನ ಕೊನೆಯ ಅಂಗಡಿಯಲ್ಲಿ ಕೊರಿಯಾದ ಮುದುಕಿಯೊಬ್ಬಳು ಮರದ ಚಮಚದ ತುದಿಗೆ ಕೆಂಪು ಖಾರ ಹಚ್ಚಿ ಕೊಟ್ಟಳು. ಬಾಯಿಗಿಟ್ಟೆ. ಇದೇ ಎಂದಿತು ಮನಸ್ಸು. ಮರುಗಳಿಗೆಯೇ ಅಲ್ಲ ಎಂದಿತು. ಇನ್ನೊಂದು ಚೂರು ಕೇಳಿದೆ. ಉಪ್ಪು ಹೀಗೇ ಇತ್ತೇ? ಹುಳಿ ಇಷ್ಟಿತ್ತೇ? ಮತ್ತೆ ಕೇಳಿದೆ. ಆಗ ಹೆದರಿಕೆಯಾಯಿತು. ಬಾಯಿತುಂಬ ಈ ಮುದುಕಿಯ ರುಚಿಯೇ ಇತ್ತು. ಆಯಿಯದು ಹೇಗಿತ್ತೆಂದು ನೆನೆದರೆ ಇದೇ ಬರುತ್ತಿತ್ತು. ಆಕೆ ನಕ್ಕು ಮತ್ತೊಂದು ಚಮಚ ಚಾಚಿದಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ. ಉಳಿದಷ್ಟನ್ನಾದರೂ ಉಳಿಸಿಕೊಳ್ಳಬೇಕಿತ್ತು.